ಗಾಳಿ ಸೀಟು ಮೆತ್ತಗೇನೋ ಇದೆ, ಮುಕ್ಕಾಲು ಗಂಟೆಗೆ ಜೋಮು ಹಿಡಿಯುತ್ತದೆ. ಯಾಕೆ?

ಎರಡುಗಾಲಿ:

ನಮಸ್ಕಾರ. ದಿನಕ್ಕೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಸೈಕಲ್ ತುಳಿಯುತ್ತೇನೆ. ತೂಕ 70 ಕೆ.ಜಿ. ಹ್ಯಾಂಡಲ್ ಸೀಟಿಗಿಂತ ಸ್ವಲ್ಪ ಎತ್ತರದಲ್ಲಿದೆ, ಹಾಗಾಗಿ ಬಾಗಿ ಕೂರುವುದು ಕಡಿಮೆ. ಸೈಕಲ್ ಜೊತೆ ಬಂದ ಸೀಟು ಬರೀ ಕಲ್ಲು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎರಡೂ ಕಡೆ ಮೂಳೆ ಒತ್ತಿ ನೋವು ಬರುತ್ತಿತ್ತು. ಅದಕ್ಕೇ ಮೇಲೆ ಹೊದಿಸುವ ಗಾಳಿ ಕುಶನ್ ಹಾಕಿದೆ. ಒಂದೇ ಚೀಲ, ಹಿಂದುಗಡೆ ಪುಟ್ಟ ವಾಲ್ವ್, ಬಾಯಲ್ಲೇ ಊದಬಹುದು, ಕೆಳಗೆ ಪಟ್ಟಿಯಿಂದ ಬಿಗಿಯುವಂಥದ್ದು.

ಮೊದಲ ದಿನ ಹತ್ತು ನಿಮಿಷ ಸ್ವರ್ಗ. ಮೂಳೆ ನೋವು ಮಾಯ. ಆದರೆ ಮುಕ್ಕಾಲು ಗಂಟೆ ಆಗುತ್ತಾ ಬಂದಾಗ ನೋವು ಬೇರೆ ವೇಷ ಹಾಕಿಕೊಂಡು ಬಂತು. ಮುಂದೆ, ತೊಡೆಗಳ ನಡುವೆ, ಜೋಮು. ಇಳಿದು ಐದು ನಿಮಿಷ ನಡೆದರೆ ಸರಿಹೋಗುತ್ತದೆ. ಇನ್ನಷ್ಟು ಗಾಳಿ ತುಂಬಿದೆ, ಜೋಮು ಜಾಸ್ತಿಯಾಯಿತು. ಗಾಳಿ ಬಿಟ್ಟೆ, ಕೂತ ಕೂಡಲೇ ತಳ ಮುಟ್ಟಿ ಹಳೆಯ ಕಲ್ಲೇ ಸಿಕ್ಕಿತು. ಸಾಲದ್ದಕ್ಕೆ ತುಳಿಯುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ದೋಣಿ ಥರ ವಾಲಾಡುತ್ತದೆ.

ಗಾಳಿ ಎಷ್ಟಿರಬೇಕು? ಅಥವಾ ಗಾಳಿ ಸೀಟುಗಳಲ್ಲೇ ಬೇರೆ ವಿನ್ಯಾಸ ನೋಡಬೇಕಾ? ಬಳಸಿದವರು ಹೇಳಿ.

ಹಳೇಬ್ರೇಕು:

ಗುರುವೇ, ಕಿತ್ತು ಬಿಸಾಕು. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋದು ಅಂದ್ರೆ ಇದೇ. ಒಳ್ಳೆ ಚರ್ಮದ ಸೀಟು ಹಾಕ್ಕೋ, ಶುರುವಲ್ಲಿ ಒಂದಷ್ಟು ದಿನ ಹಲ್ಲು ಕಚ್ಚಿ ತುಳಿ, ಆಮೇಲೆ ಅದು ನಿನ್ನ ಅಳತೆಗೆ ತಾನೇ ಬಗ್ಗುತ್ತೆ. ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಚರ್ಮದ ಸೀಟಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1882ರಲ್ಲಿ. ಡನ್‌ಲಪ್ ಗಾಳಿ ಟೈರ್ ತಂದಿದ್ದು 1888ರಲ್ಲಿ. ಟೈರಲ್ಲಿ ಗಾಳಿ ಬಂದಿದ್ದೇ ತಡ, ಸೀಟಿಗೂ ತುಂಬೋಣ ಅಂತ ಹೊರಟರು. 1890ರ ದಶಕದಲ್ಲೇ ಗಾಳಿ ಸೀಟು ಮಾರಾಟಕ್ಕಿತ್ತು. ಟೈರ್ ಉಳೀತು, ಚರ್ಮ ಉಳೀತು, ಗಾಳಿ ಸೀಟು ಮೂಲೆ ಸೇರ್ತು. ಇಷ್ಟು ಸಾಕಲ್ವಾ?

ಲೆಕ್ಕದಮೇಷ್ಟ್ರು:

ಹಳೇಬ್ರೇಕು ಅವರೇ, ಮೂಲೆ ಸೇರಿದ್ದು ಯಾಕೆ ಅಂತ ನೋಡಿದರೆ ಎರಡುಗಾಲಿ ಅವರ ಪ್ರಶ್ನೆಗೂ ಉತ್ತರ ಸಿಗುತ್ತದೆ. ಸ್ವಲ್ಪ ಲೆಕ್ಕ ಹಾಕೋಣ, ಬೇಸರ ಬೇಡ.

70 ಕೆ.ಜಿ. ಆಳು ನೆಟ್ಟಗೆ ಕೂತು ತುಳಿಯುವಾಗ ಮೈಭಾರದ ನೂರಕ್ಕೆ 60 ಪಾಲು ಸೀಟಿನ ಮೇಲೆ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ 42 ಕೆ.ಜಿ., ಸುಮಾರು 412 ನ್ಯೂಟನ್. ಮೈ ತಾಗುವ ಜಾಗ 150 ಚದರ ಸೆಂ.ಮೀ. ಎನ್ನೋಣ. ಭಾಗಿಸಿದರೆ 27 ಕಿಲೋಪ್ಯಾಸ್ಕಲ್, ಟೈರಿನ ಗಾಳಿ ಅಳೆಯುವ ಮಾನದಲ್ಲಿ ಅಂದಾಜು 4 ಪಿಎಸ್ಐ. ಟೈರಿನ ಲೆಕ್ಕದಲ್ಲಿ ಇದು ಪಂಕ್ಚರ್ ಆದ ಟ್ಯೂಬು. ಆದರೆ ಮೈಯ ಲೆಕ್ಕದಲ್ಲಿ? ಅದನ್ನೇ ಪಾದರಸದ ಮಿಲಿಮೀಟರಿಗೆ ತಿರುಗಿಸಿದರೆ 200 ದಾಟುತ್ತದೆ.

ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ನೆನಪಿಸಿಕೊಳ್ಳಿ. ಅದೂ ಒಂದು ಗಾಳಿಚೀಲವೇ. ಮೇಲಿನ ಸಂಖ್ಯೆ 120 ಇರುವವರಿಗೆ ಪಟ್ಟಿಯ ಒತ್ತಡ ಅದನ್ನು ದಾಟಿದರೆ ಕೈಗೆ ರಕ್ತ ಹರಿಯುವುದು ನಿಲ್ಲುತ್ತದೆ. ನಿಮ್ಮ ಕುಶನ್ 200ರಲ್ಲಿ ಕೆಲಸ ಮಾಡುತ್ತಿದೆ, ಒಂದು ಗಂಟೆ ಹೊತ್ತು.

ಮುಖ್ಯ ಸಂಗತಿ ಇಲ್ಲಿದೆ. ಒಂದೇ ಚೀಲದೊಳಗಿನ ಗಾಳಿ ಎಲ್ಲ ಕಡೆಗೂ ಒಂದೇ ಸಮ ಒತ್ತುತ್ತದೆ. ಪ್ಯಾಸ್ಕಲ್ ನಿಯಮ, ಹೈಸ್ಕೂಲಿನಲ್ಲಿ ಓದಿದ್ದು. ಕಲ್ಲಿನಂಥ ಸೀಟಿನಲ್ಲಿ ಭಾರವೆಲ್ಲ ಎರಡು ಮೂಳೆಗಳ ಮೇಲಿತ್ತು, ನಡುವಿನ ಮೆತ್ತನೆ ಜಾಗ ಹೆಚ್ಚುಕಡಿಮೆ ಬಿಡುವಾಗಿತ್ತು. ಗಾಳಿ ಚೀಲ ನ್ಯಾಯವಾಗಿ ಸಮಪಾಲು ಮಾಡಿತು. ಮೂಳೆಯ ಪಾಲು ಇಳಿಯಿತು, ನಡುವಿನದು ಏರಿತು. ನಿಮಗೆ ಬೇಕಿದ್ದದ್ದು ಸಮಪಾಲಲ್ಲ.

ಎರಡುಗಾಲಿ:

ಮೇಷ್ಟ್ರೇ, ಬಿಪಿ ಪಟ್ಟಿಯ ಮಾತು ಕೇಳಿ ಎದೆ ಧಸಕ್ ಅಂತು. ಗಾಳಿ ತುಂಬಿದಷ್ಟೂ ಜೋಮು ಹೆಚ್ಚಿದ್ದು ಈಗ ಅರ್ಥ ಆಯ್ತು. ಆದರೆ ಒಂದು ಅನುಮಾನ. ಗಾಲಿಕುರ್ಚಿಯಲ್ಲಿ ದಿನವಿಡೀ ಕೂರುವವರಿಗೆ ವೈದ್ಯರೇ ಗಾಳಿ ಕುಶನ್ ಹೇಳುತ್ತಾರಲ್ಲ? ಅವರಿಗೆ ಒಳ್ಳೆಯದಾಗಿದ್ದು ನನಗೆ ಯಾಕೆ ಕೆಟ್ಟದ್ದು?

ಮೂಳೆಮಾತು:

ನಾನು ಫಿಸಿಯೋಥೆರಪಿಸ್ಟ್, ಈ ಪ್ರಶ್ನೆ ನನ್ನ ಅಂಗಳಕ್ಕೇ ಬಂದು ಬಿದ್ದಿದೆ.

ಗಾಲಿಕುರ್ಚಿಯ ಗಾಳಿ ಕುಶನ್‌ನಲ್ಲಿ ಹತ್ತಾರು ಪುಟ್ಟ ಗಾಳಿಗೂಡುಗಳಿರುತ್ತವೆ, ಒಳಗೊಳಗೇ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಉದ್ದೇಶವೇ ಒತ್ತಡ ಸಮ ಮಾಡುವುದು, ಹಾಸಿಗೆ ಹುಣ್ಣಿನಂಥ ಹುಣ್ಣು ಆಗದಂತೆ ತಡೆಯುವುದು. ಆದರೆ ಅಲ್ಲಿ ಪೃಷ್ಠ, ತೊಡೆ ಎಲ್ಲ ಸೇರಿ ತಾಗುವ ಜಾಗ ಸಾವಿರ ಚದರ ಸೆಂ.ಮೀ. ಹತ್ತಿರ ಇರುತ್ತದೆ. ಮೇಷ್ಟ್ರ ಲೆಕ್ಕವನ್ನೇ ಹಾಕಿದರೆ ಒತ್ತಡ ಆರೇಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೈಕಲ್ ಸೀಟನ್ನು ಅಷ್ಟು ಅಗಲ ಮಾಡಿದರೆ ಕಾಲು ಆಡಿಸುವುದು ಹೇಗೆ? ತೊಡೆ ಉಜ್ಜಿ ಉಜ್ಜಿ ಚರ್ಮ ಕಿತ್ತುಬರುತ್ತದೆ. ಇನ್ನೊಂದು, ಆ ಕುರ್ಚಿಯಲ್ಲಿ ಕೂತವರ ಸೊಂಟ ಆಡುವುದಿಲ್ಲ. ನಿಮ್ಮದು ನಿಮಿಷಕ್ಕೆ ಅರವತ್ತು ಎಂಬತ್ತು ಸಲ ಆಡುತ್ತದೆ.

ಮೇಷ್ಟ್ರೇ, ಒಂದು ಸಣ್ಣ ತಿದ್ದುಪಡಿ. ಚರ್ಮದ ಮೇಲೆ ಬಿದ್ದ 200 ಹಾಗೆಯೇ ಒಳಗಿನ ರಕ್ತನಾಳ ಮುಟ್ಟುವುದಿಲ್ಲ. ನಡುವೆ ಕೊಬ್ಬು, ಸ್ನಾಯು ಒಂದಷ್ಟು ಹೊರುತ್ತವೆ. ಆದರೂ ದಿಕ್ಕು ಸರಿ. ಕೂರುವ ಮೂಳೆಗಳು ಭಾರ ಹೊರಲಿಕ್ಕೇ ಇರುವುದು. ಅವೆರಡರ ನಡುವಿನ ಜಾಗದಲ್ಲಿ ಜನನಾಂಗಕ್ಕೆ ಹೋಗುವ ನರ ಮತ್ತು ಅಪಧಮನಿ ಮೂಳೆಯ ಪಕ್ಕದಲ್ಲೇ ಹಾದುಹೋಗುತ್ತವೆ. ಜೋಮು ಎಂದರೆ ನರ ಕೊಡುವ ದೂರು. ದಿನಾ ದೂರು ಬರುತ್ತಿದ್ದರೆ ಸುಮ್ಮನಿರಬಾರದು. ಇಳಿದು ಸ್ವಲ್ಪ ಹೊತ್ತಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ, ನಾಚಿಕೆ ಬೇಡ.

ಸೈಕಲ್ ಮೇಲೆ ಗಸ್ತು ತಿರುಗುವ 90 ಪೊಲೀಸರಿಗೆ ಮೂತಿಯೇ, ಅಂದರೆ ಮುಂದಕ್ಕೆ ಚಾಚಿದ ತುದಿಯೇ, ಇಲ್ಲದ ಸೀಟು ಕೊಟ್ಟು ಆರು ತಿಂಗಳು ನೋಡಿದ ಅಮೆರಿಕದ ಸರ್ಕಾರಿ ಅಧ್ಯಯನ ಒಂದಿದೆ, 2008ರಲ್ಲಿ ಪ್ರಕಟವಾಯಿತು. ನಡುವಿನ ಒತ್ತಡ ಮೂರರಲ್ಲಿ ಎರಡು ಪಾಲು ಇಳಿದಿತ್ತು. ಜೋಮು ಇಲ್ಲ ಎಂದವರು ಶೇ. 27ರಿಂದ 82ಕ್ಕೆ ಏರಿದ್ದರು. ಅಲ್ಲಿ ಗಾಳಿಯ ಪಾತ್ರವೇನಿಲ್ಲ. ಒತ್ತಬಾರದ ಕಡೆ ಏನೂ ಇಡಲಿಲ್ಲ, ಅಷ್ಟೇ.

ಈಗ ನನ್ನದೊಂದು ಪ್ರಶ್ನೆ. ಕುಶನ್ ಹಾಕಿದ ಮೇಲೆ ಸೀಟು ಇಳಿಸಿದಿರಾ?

ಎರಡುಗಾಲಿ:

ಇಲ್ಲ ಮೇಡಂ. ಇಳಿಸಬೇಕಿತ್ತಾ?

ಮೂಳೆಮಾತು:

ನೀವು ಕೂತಾಗಲೂ ಆ ಚೀಲ ಒಂದೂವರೆ ಎರಡು ಸೆಂ.ಮೀ. ಎತ್ತರ ಉಳಿದಿರುತ್ತದೆ. ಅಷ್ಟು ಎತ್ತರದಿಂದ ಪೆಡಲ್ ಕೆಳಗೆ ಹೋದಾಗ ಕಾಲು ಎಟುಕದೆ ಸೊಂಟ ಆ ಕಡೆ ಜಾರುತ್ತದೆ. ನಿಮ್ಮ ದೋಣಿಯ ಅರ್ಧ ಕಾರಣ ಅದೇ ಇರಬಹುದು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ತೀರಾ ಕೆಳಗೆ ಒಯ್ದಾಗ ಮಂಡಿ ನೆಟ್ಟಗಾಗಬೇಕು, ಸೊಂಟ ವಾಲಬಾರದು. ಚೀಲದ ಮೇಲೆ ಕೂತೇ ನೋಡಿ, ಪಕ್ಕದಲ್ಲಿ ನಿಂತು ಅಲ್ಲ.

ಟ್ಯೂಬುಪ್ಯಾಚು:

ತಡವಾಗಿ ಬಂದೆ. ನಾಲ್ಕು ಗಾಳಿ ಸೀಟು ಕೈಯಾರೆ ಮಾಡಿದ್ದೇನೆ, ಎರಡು ಒಡೆದಿವೆ, ಒಂದು ಯಾರೂ ಕೂರದಂಥದ್ದು, ಒಂದು ಎರಡು ವರ್ಷದಿಂದ ಸೈಕಲ್ ಮೇಲಿದೆ. ಹಾಗಾಗಿ ಹಳೇಬ್ರೇಕಣ್ಣ ಹೇಳಿದಂತೆ ಗಾಳಿಯನ್ನೇ ದೂರುವುದಿಲ್ಲ. ದೂರಬೇಕಾದ್ದು ಒಂದೇ ಚೀಲವನ್ನು.

ಉಳಿದ ಸೀಟಿನ ಕಥೆ. ಹಿಂಭಾಗದಲ್ಲಿ ಮಾತ್ರ ಎರಡು ಗಾಳಿಗೂಡು, ಎಡಕ್ಕೊಂದು ಬಲಕ್ಕೊಂದು, ಒಂದೊಂದೂ ಅಂಗೈಗಿಂತ ಸ್ವಲ್ಪ ಸಣ್ಣದು. ನಡುವೆ ಎರಡು ಬೆರಳಗಲ ಖಾಲಿ ಕಾಲುವೆ, ಸೀಟಿನ ತಳವೂ ಅಲ್ಲಿ ಕೊರೆದಿದೆ. ಮೂತಿಯಲ್ಲಿ ಗಾಳಿಯೇ ಇಲ್ಲ, ತೆಳ್ಳಗಿನ ಗಟ್ಟಿ ಫೋಮ್. ಭಾರ ಮೂಳೆಗೆ, ಮೂಳೆಯ ಕೆಳಗೆ ಗಾಳಿ. ನಡುವೆ ಗಾಳಿಯೂ ಇಲ್ಲ, ಮತ್ತೇನೂ ಇಲ್ಲ.

ಗೂಡಿನೊಳಗೆ ಬರೀ ಗಾಳಿ ಇಟ್ಟಿದ್ದು ನನ್ನ ಮೊದಲ ತಪ್ಪು. ಗುಂಡಿ ಬಂದಾಗ ಚೆಂಡಿನಂತೆ ಎತ್ತಿ ಒಗೆಯುತ್ತಿತ್ತು. ಈಗ ಒಳಗೆ ರಂಧ್ರ ರಂಧ್ರದ ಫೋಮ್ ತುಂಡು ತುಂಬಿದ್ದೇನೆ, ತಾನೇ ಊದಿಕೊಳ್ಳುವ ಕ್ಯಾಂಪಿಂಗ್ ಹಾಸಿಗೆಗಳಲ್ಲಿ ಇರುತ್ತಲ್ಲ, ಹಾಗೆ. ಗಾಳಿ ಆ ರಂಧ್ರಗಳೊಳಗೆ ನುಸುಳಿಕೊಂಡು ಓಡಾಡಬೇಕಾದ್ದರಿಂದ ಕುಣಿತಕ್ಕೆ ಲಗಾಮು ಬೀಳುತ್ತದೆ. ಗಾಳಿ ಪೂರ್ತಿ ಹೋದರೂ ಮನೆ ಮುಟ್ಟುವಷ್ಟು ಮೆತ್ತೆ ಉಳಿಯುತ್ತದೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಎರಡೂ ಗೂಡು ಸಮ ಇರಲಿ ಅಂತ ನಡುವೆ ಸಣ್ಣ ನಳಿಕೆ ಇಟ್ಟಿದ್ದೆ. ಬಲಗಾಲು ತುಳಿದಾಗ ಬಲಗಡೆಯ ಗಾಳಿ ಎಡಕ್ಕೆ ಓಡಿತು, ಎಡಗಾಲಿಗೆ ವಾಪಸ್ಸು ಬಂತು. ಏತ ತುಳಿದ ಹಾಗೆ. ಯಾರೂ ಕೂರದ ಸೀಟು ಅಂದೆನಲ್ಲ, ಅದೇ ಇದು. ಈಗಿನ ಸೀಟಿನಲ್ಲಿ ನಳಿಕೆಗೆ ಪುಟ್ಟ ತಿರುಪು ಇದೆ. ತುಂಬುವಾಗ ತೆರೆದಿಡುತ್ತೇನೆ, ಎರಡೂ ಸಮ ಆದ ಮೇಲೆ ಮುಚ್ಚಿಬಿಡುತ್ತೇನೆ. ಆಮೇಲೆ ಒಂದೊಂದು ಗೂಡೂ ತನ್ನ ಪಾಡಿಗೆ ಎದುರು ಒತ್ತುತ್ತದೆ.

ಗಾಳಿ ತುಂಬುವಾಗ ಕಾಲಲ್ಲಿ ಒತ್ತಿ ಹಿಡಿಯುವ ದೊಡ್ಡ ಪಂಪು ಹತ್ತಿರ ತರಬೇಡಿ. ಗೂಡಿನ ಒಳಜಾಗ 200 ಮಿ.ಲೀ. ಇದ್ದರೆ ಹೆಚ್ಚು, ಆ ಪಂಪಿನ ಒಂದೇ ಒತ್ತಿಗೆ ಅಂಟು ಬಿಟ್ಟುಕೊಳ್ಳುತ್ತದೆ. ನನ್ನ ಮೊದಲನೆಯದು ಹೋಗಿದ್ದೇ ಹಾಗೆ, ಕಿವಿಯ ಹತ್ತಿರ ಪಟಾಕಿ. ಗೇಜು ಹಚ್ಚಿ ನೋಡುವುದೂ ದಂಡ, ಹಚ್ಚುವಾಗ ಉಸ್ ಅಂತ ಹೋಗುವ ಗಾಳಿಯೇ ಲೆಕ್ಕ ತಪ್ಪಿಸುತ್ತದೆ. ಬಾಯಲ್ಲಿ ಊದಿ. ಅದರಲ್ಲಿ ಸುಮಾರು ಒಂದು ಪಿಎಸ್ಐ ಬರುತ್ತದೆ, ಉಳಿದದ್ದನ್ನು ನಿಮ್ಮ ಭಾರವೇ ಏರಿಸುತ್ತದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು ವಾಲ್ವ್ ತುಸುತುಸುವೇ ಬಿಡಿ. ಮೂಳೆ ತಳ ಮುಟ್ಟಿದ್ದು ಗೊತ್ತಾಗುತ್ತದೆ. ಅಲ್ಲಿಂದ ಒಂದು ಉಸಿರು ವಾಪಸ್ಸು ಊದಿ, ಮುಚ್ಚಿ. ನನಗೆ ಇಷ್ಟೇ ಅಳತೆ.

ನಿಧಾನಗಾಡಿ:

ಇಲ್ಲಿ ಎಲ್ಲರೂ ಗಂಡಸರ ಜೋಮಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಹೆಂಗಸರಿಗೂ ಆಗುತ್ತದೆ, ಜೊತೆಗೆ ಊತ, ಉಜ್ಜಿ ಹುಣ್ಣು. ನಮ್ಮ ಕೂರುವ ಮೂಳೆಗಳ ನಡುವಿನ ಅಂತರ ಸರಾಸರಿಯಲ್ಲಿ ಸ್ವಲ್ಪ ಹೆಚ್ಚು, ಸೀಟು ಕಿರಿದಾಗಿದ್ದರೆ ಮೂಳೆ ಹೊರಗೇ ಉಳಿದು ಭಾರವೆಲ್ಲ ಮೆತ್ತನೆ ಜಾಗಕ್ಕೆ. ನಾನೂ ಮೊದಲು ಗಾಳಿ ಕವರ್ ಹಾಕಿಯೇ ಕೆಟ್ಟೆ. ಕಿರಿದಾದ ಸೀಟಿನ ಮೇಲೆ ಎಷ್ಟು ಮೆತ್ತೆ ಹಾಕಿದರೂ ಅದು ಕಿರಿದೇ.

ಮೂಳೆಗಳ ಅಂತರ ಅಳೆಯುವುದು ಸುಲಭ. ಗಟ್ಟಿ ಸ್ಟೂಲ್ ಮೇಲೆ ಪದರ ಪದರದ ರಟ್ಟು, ಪಾರ್ಸೆಲ್ ಡಬ್ಬದ್ದು, ಇಟ್ಟು ತೆಳು ಬಟ್ಟೆಯಲ್ಲಿ ಕೂರಿ. ಕೈಯಿಂದ ಸ್ಟೂಲನ್ನು ಹಿಡಿದು ಮೈಯನ್ನು ಕೆಳಕ್ಕೆ ಎಳೆದುಕೊಳ್ಳಿ. ಎದ್ದು ನೋಡಿದರೆ ಎರಡು ಕುಳಿ. ಓರೆಯಾಗಿ ಬೆಳಕು ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಬಹುತೇಕರಿಗೆ 100ರಿಂದ 150 ಮಿ.ಮೀ. ಒಳಗೆ ಬರುತ್ತದೆ. ಅದಕ್ಕೆ 20–25 ಸೇರಿಸಿದರೆ ಸೀಟಿನ ಹಿಂಭಾಗ ಎಷ್ಟು ಅಗಲ ಇರಬೇಕೆಂದು ಗೊತ್ತಾಗುತ್ತದೆ. ಟ್ಯೂಬುಪ್ಯಾಚು ಅವರ ಎರಡು ಗೂಡುಗಳೂ ಆ ಕುಳಿಗಳ ಕೆಳಗೇ ಬರಬೇಕು, ಇಲ್ಲಾಂದ್ರೆ ಗೂಡು ಇದ್ದೂ ದಂಡ.

ಹಳೇಬ್ರೇಕು:

ರಟ್ಟು ಡಬ್ಬ, ತಿರುಪು, ಬಾಯಲ್ಲಿ ಊದೋದು... ಇಷ್ಟೆಲ್ಲ ಮಾಡೋ ಹೊತ್ತಿಗೆ ನಾನು ಇಪ್ಪತ್ತು ಕಿಲೋಮೀಟರ್ ತುಳಿದಿರ್ತೀನಿ. ಚರ್ಮದ ಸೀಟೂ ಮೂಳೆ ಇರೋ ಕಡೆಯೇ ತಗ್ಗಾಗೋದು. ನೀವು ಪ್ಯಾಚು, ವಾಲ್ವು, ಫೋಮು ಹಾಕಿ ಮಾಡ್ತಿರೋದನ್ನ ಅದು ಸುಮ್ಮನೆ ಕೂತು ಮಾಡುತ್ತೆ.

ಟ್ಯೂಬುಪ್ಯಾಚು:

ಅಣ್ಣಾ, ಒಪ್ಪುತ್ತೇನೆ. ಮಳೆ ಬಂದಾಗ ನಿಮ್ಮ ಸೀಟಿಗೆ ಪ್ಲಾಸ್ಟಿಕ್ ಕವರ್ ಹುಡುಕಲು ಓಡುವವರು ಯಾರು ಅಂತ ಮಾತ್ರ ಕೇಳಬೇಡಿ ಅನ್ನಿ. :)

ಲೆಕ್ಕದಮೇಷ್ಟ್ರು:

ಟ್ಯೂಬುಪ್ಯಾಚು ಅವರ ಕುಣಿತದ ಮಾತಿಗೆ ಒಂದು ಟಿಪ್ಪಣಿ. ಕೂತಾಗ ಸೀಟು ಎಷ್ಟು ತಗ್ಗುತ್ತದೆ ಎನ್ನುವುದರ ಮೇಲೆ ಅದು ಸೆಕೆಂಡಿಗೆ ಎಷ್ಟು ಸಲ ಕುಣಿಯಬಯಸುತ್ತದೆ ಎಂಬುದು ನಿಂತಿದೆ. 25 ಮಿ.ಮೀ. ತಗ್ಗಿದರೆ ಸೆಕೆಂಡಿಗೆ ಮೂರಕ್ಕಿಂತ ತುಸು ಹೆಚ್ಚು. ಈಗ ನೋಡಿ, ನಿಮಿಷಕ್ಕೆ 90 ಸುತ್ತು ತುಳಿಯುವವರು ಎರಡು ಕಾಲೂ ಸೇರಿ ಸೆಕೆಂಡಿಗೆ ಸರಿಯಾಗಿ ಮೂರು ಸಲ ಒತ್ತುತ್ತಾರೆ. ಜೋಕಾಲಿಯನ್ನು ಅದರ ತಾಳಕ್ಕೇ ತಳ್ಳಿದಂತೆ. ಮೆತ್ತಗಿನ ಸೀಟಿನ ಮೇಲೆ ವೇಗವಾಗಿ ತುಳಿಯುವವರು ಪುಟಿಯುವುದು ಇದಕ್ಕೇ. 12 ಮಿ.ಮೀ. ಮಾತ್ರ ತಗ್ಗುವಂತೆ ಮಾಡಿದರೆ ಕುಣಿತ ಸೆಕೆಂಡಿಗೆ ನಾಲ್ಕೂವರೆಗೆ ಹೋಗಿ ಕಾಲಿನ ತಾಳದಿಂದ ತಪ್ಪಿಸಿಕೊಳ್ಳುತ್ತದೆ. ಗಾಳಿ ಸರಳ ಸ್ಪ್ರಿಂಗ್ ಅಲ್ಲ, ಒತ್ತಿದಷ್ಟೂ ಗಟ್ಟಿಯಾಗುತ್ತದೆ, ಹಾಗಾಗಿ ಇದು ಅಂದಾಜು. ಆದರೆ ಗಾಳಿ ಸೀಟು ದಪ್ಪ ಇದ್ದಷ್ಟು ಒಳ್ಳೆಯದು ಎಂಬ ಭ್ರಮೆ ಬೇಡ ಎನ್ನಲು ಅಂದಾಜು ಸಾಕು.

ಬಿಸಿಲನ್ನೂ ಮರೆಯಬೇಡಿ. ಸೀಟು 25 ಡಿಗ್ರಿಯಿಂದ 50ಕ್ಕೆ ಬಿಸಿಯಾದರೆ, ಚೀಲ ಹಿಗ್ಗದಿದ್ದಲ್ಲಿ ಒತ್ತಡ ಒಂದೂಕಾಲು ಪಿಎಸ್ಐಗಿಂತ ಹೆಚ್ಚು ಏರುತ್ತದೆ. 60 ಪಿಎಸ್ಐ ಟೈರಿನಲ್ಲಿ ಅದೇ ಬಿಸಿಗೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲಷ್ಟೇ ಏರುತ್ತದೆ. ಒಂದು ಪಿಎಸ್ಐ ಸೀಟಿಗೆ ದುಪ್ಪಟ್ಟು. ಬೆಳಿಗ್ಗೆ ಸರಿಯಿದ್ದ ಸೀಟು ಮಧ್ಯಾಹ್ನ ಫುಟ್‌ಬಾಲ್ ಆಗುವುದು ನಿಮ್ಮ ಭ್ರಮೆಯಲ್ಲ.

ಉಬ್ಬುತಗ್ಗು:

ನನ್ನದೊಂದು ಅಡ್ಡಮಾತು. ನಿಮ್ಮೆಲ್ಲರ ಬಳಿಯೂ ಆಗಲೇ ಎರಡು ಗಾಳಿ ಕುಶನ್ ಇವೆ, ನೆಲಕ್ಕೆ ತಾಗಿಕೊಂಡಿವೆ! ರಸ್ತೆಯ ಗುದ್ದು ತಿನ್ನಬೇಕಾದ್ದು ಟೈರು, ಕುಂಡಿಯ ಭಾರ ಹೊರಬೇಕಾದ್ದು ಸೀಟು. ಎರಡನ್ನೂ ಸೀಟಿನ ತಲೆಗೇ ಕಟ್ಟಿದರೆ ಅದೇನು ಮಾಡೀತು? ಟೈರಿನ ಬದಿಯಲ್ಲಿ ಬರೆದಿರುವ ಗರಿಷ್ಠ ಸಂಖ್ಯೆಗೇ ತುಂಬಿಕೊಂಡು ಓಡಾಡುವವರನ್ನು ದಿನಾ ನೋಡುತ್ತೇನೆ. ಅದು ದಾಟಬಾರದ ಗೆರೆ, ಮುಟ್ಟಲೇಬೇಕಾದ ಗುರಿಯಲ್ಲ. ನಾನು ಫ್ರೇಮ್ ಹಿಡಿಯುವಷ್ಟು ಅಗಲದ ಟೈರ್ ಹಾಕಿ ಗಾಳಿ ಇಳಿಸಿದ ದಿನ ಸೀಟಿನ ಬಗ್ಗೆ ಯೋಚಿಸುವುದನ್ನೇ ಬಿಟ್ಟೆ.

ಮೂಳೆಮಾತು:

ಉಬ್ಬುತಗ್ಗು ಅವರ ಮಾತು ಗುದ್ದಿಗೆ ಸರಿ. ಜೋಮಿಗೆ ಅಲ್ಲ. ಗಾಜಿನಂಥ ನುಣುಪು ರಸ್ತೆಯಲ್ಲೂ, ಮನೆಯೊಳಗೆ ಕದಲದ ವ್ಯಾಯಾಮದ ಸೈಕಲ್ ಮೇಲೂ ಜೋಮು ಹಿಡಿಯುತ್ತದೆ. ಎರಡು ಬೇರೆ ಕಾಯಿಲೆ, ಎರಡು ಬೇರೆ ಮದ್ದು. ಮತ್ತೆ ಯಾವ ಸೀಟೇ ಇರಲಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ. ಅರ್ಧ ನಿಮಿಷ ರಕ್ತ ಓಡಲಿ.

ಎರಡುಗಾಲಿ:

ಮೂರು ವಾರ ಆಯ್ತು, ವರದಿ ಒಪ್ಪಿಸುತ್ತೇನೆ.

ಮೊದಲು ಮೇಡಂ ಹೇಳಿದ್ದು. ಹಿಮ್ಮಡಿ ಇಟ್ಟು ನೋಡಿದೆ, ಸೀಟು 15 ಮಿ.ಮೀ. ಎತ್ತರ ಇತ್ತು. ಇಳಿಸಿದೆ. ದೋಣಿ ಅರ್ಧಕ್ಕರ್ಧ ನಿಂತಿತು! ಜೋಮು ಮಾತ್ರ ಜಗ್ಗಲಿಲ್ಲ.

ಆಮೇಲೆ ರಟ್ಟು. ನನ್ನ ಅಳತೆ 128 ಮಿ.ಮೀ. ಹಳೆಯ ಸೀಟು ಹಿಂದೆ 135 ಇತ್ತು, ಅಂದರೆ ಮೂಳೆ ಅಂಚಿನ ಮೇಲೆ ಕೂತಿತ್ತು. 152 ಅಗಲದ, ನಡುವೆ ಕೊರೆದ ಗಟ್ಟಿ ಸೀಟು ಹಾಕಿದೆ. ಬೇರೇನೂ ಇಲ್ಲದೆಯೇ ಜೋಮು ಮುಕ್ಕಾಲು ಪಾಲು ಹೋಯಿತು, ಮೂಳೆ ನೋವು ಸ್ವಲ್ಪ ಉಳಿಯಿತು. ಅದರ ಮೇಲೆ ಟ್ಯೂಬುಪ್ಯಾಚು ಹೇಳಿದಂತೆ ಎರಡು ಗೂಡು. ಹಳೆಯ ಕ್ಯಾಂಪಿಂಗ್ ಹಾಸಿಗೆ ಕತ್ತರಿಸಿ, ಇಸ್ತ್ರಿಪೆಟ್ಟಿಗೆಯಲ್ಲಿ ಅಂಚು ಅಂಟಿಸಿದೆ. ಮೂರು ಸಲ ಸುಟ್ಟುಕೊಂಡೆ, ಬಟ್ಟೆಯನ್ನೂ ಬೆರಳನ್ನೂ. ಎಡಗಡೆಯದು ರಾತ್ರಿ ಕಳೆಯುವಷ್ಟರಲ್ಲಿ ಇಳಿದುಬಿಡುತ್ತಿತ್ತು. ಸೋಪಿನ ನೀರು ಹಚ್ಚಿದರೆ ಎಲ್ಲೂ ಗುಳ್ಳೆ ಕಾಣಲಿಲ್ಲ.

ಟ್ಯೂಬುಪ್ಯಾಚು:

ಕೈಯಲ್ಲಿ ಹಿಚುಕಿದರೆ ಕಾಣಲ್ಲ. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಮಂಡಿಯಿಂದ ಅದುಮಿ ಹಿಡಿದು ಎರಡು ನಿಮಿಷ ಕಾಯಿರಿ. ವಾಲ್ವಿನ ಬುಡ ನೋಡಿ, ಅಂಚಲ್ಲ.

ಎರಡುಗಾಲಿ:

ವಾಲ್ವಿನ ಬುಡವೇ! ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆ, ಇಪ್ಪತ್ತು ಸೆಕೆಂಡಿಗೆ ಒಂದು. ಟ್ಯೂಬಿನ ಪ್ಯಾಚನ್ನು ಉಂಗುರದಂತೆ ಕತ್ತರಿಸಿ ಸುತ್ತ ಅಂಟಿಸಿದೆ. ಈಗ ನಾಲ್ಕು ದಿನದಿಂದ ಎರಡೂ ಸಮ. ನಿನ್ನೆ ಒಂದು ಗಂಟೆ ಐವತ್ತು ನಿಮಿಷ, ನಡುವೆ ಎದ್ದು ನಿಂತು ನಿಂತು ತುಳಿದೆ, ಜೋಮು ಇಲ್ಲ. ಉಬ್ಬುತಗ್ಗು ಅವರ ಮಾತಿಗೆ ಟೈರಿನ ಗಾಳಿಯನ್ನೂ ಇಳಿಸಿದ್ದೆ, ಅದರ ಪಾಲೆಷ್ಟು ಗೂಡಿನ ಪಾಲೆಷ್ಟು ಅಂತ ಮೇಷ್ಟ್ರು ಕೇಳಿದರೆ ಮಾತ್ರ ನಾನು ಊರಲ್ಲಿಲ್ಲ.

ಹಳೇಬ್ರೇಕು:

ಸರಿ ಬಿಡಪ್ಪಾ. ಆ ಮೊದಲಿನ ಒಂಟಿ ಚೀಲ ಏನು ಮಾಡಿದೆ? ಬಿಸಾಕಿದ್ಯಾ ಇಲ್ವಾ?

ಎರಡುಗಾಲಿ:

ಇಲ್ಲ ಅಣ್ಣ. ಕಂಪ್ಯೂಟರ್ ಮುಂದಿನ ಕುರ್ಚಿಯ ಮೇಲೆ ಹಾಕಿಕೊಂಡಿದ್ದೇನೆ, ಇದನ್ನೆಲ್ಲ ಅದರ ಮೇಲೆ ಕೂತೇ ಬರೆದದ್ದು. ಅಲ್ಲಿ ಬಲು ಚೆನ್ನಾಗಿದೆ.